ಜೇಡಿಮಣ್ಣಿನ ನಿಧಾನ

ಎಗ್ಮೋರ್ ಸ್ಟೇಷನ್ನಿನ ಎದುರಿನ ದೊಡ್ಡ ರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಯಲ್ಲಿ ಬಾಡಿಗೆಯ ಹಳೆಯ ಕಟ್ಟಡವೊಂದರಲ್ಲಿ ರಘುರಾಮ ಉಪಾಧ್ಯರ ಹೋಟೆಲಿತ್ತು. ತೆಂಕಣ ಊರುಗಳಿಂದ ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದವರು ಕೈಚೀಲ ಕಾಲಬುಡದಲ್ಲಿಟ್ಟುಕೊಂಡು, ಇನ್ನೂ ನಿದ್ದೆಗಣ್ಣಿನಲ್ಲೇ ಇಡ್ಲಿ ತಿಂದು, ಕಾಫಿ ಕುಡಿದು, ಊರೊಳಗೆ ಚದುರಿಹೋಗುತ್ತಿದ್ದರು. ಮುಂದೆ ಮೇಜುಗಳ ಸಾಲಿನ ಊಟದ ಹಾಲು, ಹಿಂದೆ ಅಡುಗೆಮನೆ, ಅದರಾಚೆ ಕಲ್ಲು ಕಟ್ಟಿದ ಹಳೆಯ ಬಾವಿ. ಮಹಡಿಯ ಮೇಲೆ ಉಪಾಧ್ಯರೂ ಅವರ ಮಗಳು ಮಾಧವಿಯೂ ಇದ್ದರು. ಮಾಧವಿಯ ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಆಮೇಲೆ ಅವಳಿಗೆ ಹೊತ್ತುಹೊತ್ತಿಗೆ ಬಡಿಸಿ ಹಾಕಿದವನು ಹರಿದಾಸ. ಕುಂದಾಪುರದ ಕಡೆಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಬಂದು, ಅದೇ ಒಲೆಯ ಮುಂದೆ ತಲೆ ಬೆಳ್ಳಗಾದವನು. ಅವನೂ ಹೆಂಡತಿ ಜಯಲಕ್ಷ್ಮಿಯೂ ಪಕ್ಕದ ಗಲ್ಲಿಯ ಒಂದು ಕೋಣೆಯಲ್ಲಿದ್ದರು. ಮಕ್ಕಳಿರಲಿಲ್ಲ.

ಮಾಧವಿ ತಾಂಬರಂ ದಾಟಿದ ಮೇಲೆ ಸಿಗುವ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮಣ್ಣಿನ ಶಾಸ್ತ್ರ ಕಲಿಸುತ್ತಿದ್ದಳು. ಬೆಳಿಗ್ಗೆ ಊರೆಲ್ಲ ಒಳಕ್ಕೆ ಬರುವಾಗ ಅವಳು ಎಲೆಕ್ಟ್ರಿಕ್ ಟ್ರೈನಿನಲ್ಲಿ ಹೊರಕ್ಕೆ ಹೋಗುವವಳು, ಹಾಗಾಗಿ ಕಿಟಕಿ ಪಕ್ಕದ ಜಾಗ ಸಿಗುತ್ತಿತ್ತು. ಕಂಪ್ಯೂಟರ್ ವಿಭಾಗದಲ್ಲಿ ಸೀಟು ಸಿಗದೆ ಸಿವಿಲ್‌ಗೆ ಬಂದ ಮಕ್ಕಳೇ ಅವಳ ತರಗತಿಯಲ್ಲಿ ಹೆಚ್ಚು. ಅವರ ಬಾಡಿದ ಮುಖ ನೋಡಿ ಅವಳು ಮೊದಲ ದಿನವೇ ಬುಟ್ಟಿಯಲ್ಲಿ ಮಣ್ಣು ತಂದು ಮೇಜಿನ ಮೇಲೆ ಸುರಿಯುತ್ತಿದ್ದಳು. “ಕಬ್ಬಿಣ, ಸಿಮೆಂಟು ನಿಮಗೆ ಬೇಕಾದ ಹಾಗೆ ತರಿಸಿಕೊಳ್ಳಬಹುದು. ಮಣ್ಣು ಹಾಗಲ್ಲ. ಅದು ನಿಮಗಿಂತ ಮೊದಲೇ ಅಲ್ಲಿ ಬಂದು ಕೂತಿರುತ್ತದೆ. ನೀವೇ ಹೋಗಿ ಅದರ ಗುಣ ಕೇಳಿಕೊಳ್ಳಬೇಕು” ಎನ್ನುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಒಬ್ಬಿಬ್ಬರಾದರೂ ಮುಂದಕ್ಕೆ ಬಗ್ಗಿ ಮಣ್ಣು ಮುಟ್ಟಿ ನೋಡುತ್ತಿದ್ದರು. ಅವಳಿಗೆ ಅಷ್ಟು ಸಾಕಾಗುತ್ತಿತ್ತು.

ಸುನಾಮಿ ಬಂದುಹೋದ ಮರುವರ್ಷ ಹೋಟೆಲಿನ ಹಿಂದಿನ ಬಂಗಲೆಯನ್ನು ಕೆಡವಿದರು. ಅಲ್ಲಿ ಆಫೀಸುಗಳ ದೊಡ್ಡ ಕಟ್ಟಡ ಬರುತ್ತದೆ, ನೆಲದ ಕೆಳಗೆ ಎರಡು ಅಂತಸ್ತು ಕಾರು ನಿಲ್ಲಿಸುವ ಜಾಗ ಎಂದು ಸುದ್ದಿಯಾಯಿತು. ತಗಡಿನ ಬೇಲಿ ಎದ್ದಿತು. ಯಂತ್ರಗಳು ಬಂದು ಅಗೆಯತೊಡಗಿದವು. ಕೂವಂ ನದಿ ಅಲ್ಲಿಂದ ದೂರವಿಲ್ಲ. ಸ್ವಲ್ಪ ಅಗೆದರೂ ನೀರು. ಅಗೆದ ಹಳ್ಳದಲ್ಲಿ ಪಂಪುಗಳನ್ನಿಟ್ಟು ಹಗಲೂ ರಾತ್ರಿ ನೀರೆತ್ತಿ ಗಲ್ಲಿಯ ಚರಂಡಿಗೆ ಬಿಡುತ್ತಿದ್ದರು. ಆ ಗುಯ್‌ಗುಡುವ ಸದ್ದಿಗೆ ಮನೆಯವರ ಕಿವಿ ಎಷ್ಟು ಹೊಂದಿಕೊಂಡಿತೆಂದರೆ, ಕರೆಂಟು ಹೋಗಿ ಪಂಪು ನಿಂತಾಗಲೇ ಎಚ್ಚರವಾಗುತ್ತಿತ್ತು.

ಒಂದು ಸಂಜೆ ಮಾಧವಿ ಕಾಲೇಜಿನಿಂದ ಬಂದಾಗ ಹರಿದಾಸ ಅವಳಿಗಾಗಿ ಕಾಯುತ್ತ ಹಿಂಬಾಗಿಲಲ್ಲಿ ನಿಂತಿದ್ದ.

“ಮಗಾ, ಒಂಚೂರು ಇಲ್ಲಿ ಬಂದು ಕಾಣು. ಬಾವಿಯಲ್ಲಿ ನೀರೇ ಇಲ್ಲ. ಬಿರುಬೇಸಿಗೆಯಲ್ಲೂ ಹೀಗೆ ಆದ್ದಿಲ್ಲ.”

ಅವಳು ಬಗ್ಗಿ ನೋಡಿದಳು. ತಳದಲ್ಲಿ ಒದ್ದೆ ಮರಳು, ಅದರ ಮೇಲೆ ಎಂದೋ ಬಿದ್ದ ಒಂದು ತಂಬಿಗೆ.

“ಇನ್ನೊಂದು ಉಂಟು” ಎಂದು ಅವನು ಅಡುಗೆಮನೆಯ ಹಿಂಗೋಡೆ ತೋರಿಸಿದ. ಕಿಟಕಿಯ ಮೂಲೆಯಿಂದ ಓರೆಯಾಗಿ ಕೆಳಕ್ಕೆ ಕೂದಲೆಳೆಯಂಥ ಬಿರುಕು ಇಳಿದಿತ್ತು. ಮಸಿಹಿಡಿದ ಗೋಡೆಯಲ್ಲಿ ಅದರ ಅಂಚು ಮಾತ್ರ ಹೊಸದಾಗಿ ಬೆಳ್ಳಗಿತ್ತು.

ಬಾವಿಯನ್ನೂ ಬಿರುಕನ್ನೂ ಒಟ್ಟಿಗೆ ನೋಡಿದವಳಿಗೆ ಬೇರೆ ಏನೂ ಬೇಕಾಗಲಿಲ್ಲ. ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತಿದ್ದ ಪಾಠ ಅವಳ ಅಡುಗೆಮನೆಗೇ ಬಂದಿತ್ತು. ಅವಳು ಮೇಲೆ ಹೋಗಿ ಅಪ್ಪನಿಗೆ ಹೇಳಿದಳು.

“ಅಪ್ಪಯ್ಯ, ನಮ್ಮ ಕಟ್ಟಡದ ಭಾರ ಇಷ್ಟು ದಿನ ಬರೀ ಮಣ್ಣು ಹೊತ್ತದ್ದಲ್ಲ. ಮಣ್ಣಿನ ಸಂದಿಯಲ್ಲಿರುವ ನೀರೂ ಒಂದು ಪಾಲು ಹೊತ್ತಿತ್ತು. ಅವರು ನೀರು ಎಳೀತಿದ್ದಾರೆ. ಈಗ ಎಲ್ಲ ಭಾರ ಮಣ್ಣಿನ ಮೇಲೇ ಬೀಳ್ತದೆ. ಅದು ಕುಗ್ತದೆ. ಮೊಸರು ಬಟ್ಟೆಯಲ್ಲಿ ಕಟ್ಟಿ ಮೇಲೆ ಕಲ್ಲಿಟ್ಟ ಹಾಗೆ.”

ಉಪಾಧ್ಯರು ಕನ್ನಡಕ ತೆಗೆದು ಒರೆಸಿಕೊಂಡರು. “ಕಟ್ಟಡ ಬೀಳ್ತದಾ?”

“ಗೊತ್ತಿಲ್ಲ. ನಾಳೆ ಹೋಗಿ ಕೇಳ್ತೇನೆ.”

ಮರುದಿನ ತಗಡಿನ ಬೇಲಿಯ ಬಾಗಿಲಲ್ಲಿ ಹೆಸರು ಹೇಳಿ ನಿಂತಾಗ, ಒಳಗಿನಿಂದ ಓಡಿಬಂದವನು ಈಗ ಅಲ್ಲಿ ಎಂಜಿನಿಯರಾಗಿದ್ದ ಅವಳ ಹಳೆಯ ವಿದ್ಯಾರ್ಥಿ ಸಂದೇಶ್. ತಾಂಬರಂನ ರೈಲ್ವೆ ಕ್ವಾರ್ಟರ್ಸಿನ ಹುಡುಗ. ಅವನ ತಂದೆ ಧಾರವಾಡದ ಕಡೆಯವರು. ಮನೆಯಲ್ಲಿ ಕನ್ನಡ ಕೇಳಿ ಬೆಳೆದರೂ ಅವನ ಬಾಯಿಂದ ಬರುತ್ತಿದ್ದುದು ತಮಿಳೇ. ಮಣ್ಣು ಮುಟ್ಟಿ ನೋಡುತ್ತಿದ್ದ ಆ ಒಬ್ಬಿಬ್ಬರಲ್ಲಿ ಅವನೂ ಒಬ್ಬ. ಹಳದಿ ಟೋಪಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಪರೀಕ್ಷೆಗೆ ತಯಾರಾಗದೆ ಬಂದವನಂತೆ ನಿಂತ.

“ಸಂದೇಶ್, ಪಕ್ಕದ ಹೋಟೆಲು ನಮ್ಮದು. ನಮ್ಮ ಬಾವಿ ಒಣಗಿದೆ.”

ಅವನು ಪಂಪುಗಳ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ, “ತೆರಿಯುಂ ಮೇಡಂ” ಎಂದ. ಗೊತ್ತು ಎಂದು.

“ಗೊತ್ತಿದ್ದೂ ಯಾಕೆ ಬರೀ ಪಂಪು ಇಟ್ಟಿದ್ದೀರಿ? ಮೊದಲು ಸುತ್ತಲೂ ಉಕ್ಕಿನ ತಡೆ ಇಳಿಸಬೇಕಿತ್ತಲ್ಲ? ಆಚೆಯ ನೀರು ಆಚೆಯೇ ಇರಬೇಕಿತ್ತಲ್ಲ?”

“ಹೇಳಿದೆ ಮೇಡಂ. ನೀವು ಹೇಳಿಕೊಟ್ಟದ್ದನ್ನೇ ಹೇಳಿದೆ.” ಅವನು ತಮಿಳಿನಲ್ಲೇ, ಸದ್ದು ತಗ್ಗಿಸಿ ಹೇಳಿದ. “ಕಾಲೇಜಿನ ಪಾಠ ಕಾಲೇಜಿಗೆ ಇರಲಿ ಅಂದರು ಮೇಲಿನವರು. ಮಳೆಗಾಲದೊಳಗೆ ತಳದ ಕಾಂಕ್ರೀಟು ಆಗಬೇಕಂತೆ. ನಾನ್ ಎನ್ನ ಪಣ್ಣ ಮುಡಿಯುಂ?”

ಅವನೇನು ಮಾಡಬಲ್ಲ? ಮಾಧವಿ ಹಳ್ಳದ ಅಂಚಿಗೆ ಹೋಗಿ ನೋಡಿದಳು. ಬದಿಯಲ್ಲಿ ಬೂದುಬಣ್ಣದ ಜೇಡಿಮಣ್ಣಿನ ದಪ್ಪ ಪದರ ಬೆಣ್ಣೆ ಕತ್ತರಿಸಿದಂತೆ ನಯವಾಗಿ ನಿಂತಿತ್ತು. ಅವಳು ಕೇಳಿದ್ದಕ್ಕೆ ಸಂದೇಶ್ ಅದೇ ಪದರದಿಂದ ಒಂದು ಗಟ್ಟಿ ಹೆಂಟೆಯನ್ನು ಕೊಳವೆಯಲ್ಲಿ ತೆಗೆಸಿ, ಮೇಣ ಹಚ್ಚಿ, ಮಗುವನ್ನು ಕೊಡುವವನಂತೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಅವಳು ಅದನ್ನು ಟ್ರೈನಿನಲ್ಲಿ ಮಡಿಲಲ್ಲಿಟ್ಟುಕೊಂಡೇ ಕಾಲೇಜಿಗೆ ಒಯ್ದಳು.

ಲ್ಯಾಬಿನಲ್ಲಿ ಆ ಮಣ್ಣಿನಿಂದ ಕೊಯ್ದ ಒಂದು ಬಿಲ್ಲೆಯನ್ನು ಹಿತ್ತಾಳೆಯ ಬಳೆಯೊಳಗೆ ಕೂರಿಸಿ, ಮೇಲೂ ಕೆಳಗೂ ನೀರು ಸೋಸುವ ಕಲ್ಲಿಟ್ಟು, ತೂಕ ಹೇರಿದಳು. ಮಣ್ಣು ಎಷ್ಟು ಕುಗ್ಗುತ್ತದೆ, ಎಷ್ಟು ಹೊತ್ತಿನಲ್ಲಿ ಕುಗ್ಗುತ್ತದೆ ಎಂದು ನೋಡುವ ಪರೀಕ್ಷೆ ಅದು. ದಿನಕ್ಕೊಂದು ತೂಕ ಹೆಚ್ಚಿಸುತ್ತ, ಅಳತೆಯ ಮುಳ್ಳಿನ ಚಲನೆ ನೋಡುತ್ತ ಕೂತಳು. ಮೂರನೆಯ ವರ್ಷದ ಮಕ್ಕಳು ಸುತ್ತ ನಿಂತು ನೋಡಿದರು. “ಯಾವ ಸೈಟಿನ ಮಣ್ಣು ಮೇಡಂ?” ಎಂದು ಒಬ್ಬಳು ಕೇಳಿದಾಗ, “ನಮ್ಮ ಮನೆಯದು” ಎಂದಳು. ತಮಾಷೆಯೆಂದು ಎಲ್ಲರೂ ನಕ್ಕರು.

ಮುಳ್ಳು ಬಹಳ ನಿಧಾನವಾಗಿ ಸರಿಯಿತು. ಅವಳು ಲೆಕ್ಕ ಹಾಕಿದಳು, ಮತ್ತೆ ಹಾಕಿದಳು. ಕಟ್ಟಡ ಇಳಿಯುತ್ತದೆ, ಅನುಮಾನವಿಲ್ಲ. ಆದರೆ ಜೇಡಿಮಣ್ಣಿನಿಂದ ನೀರು ಹೊರಬರುವುದೇ ಕಷ್ಟ. ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಅವರ ಕಾಂಕ್ರೀಟು ಮುಗಿದು ಪಂಪು ನಿಲ್ಲುತ್ತದೆ, ನೀರು ಮತ್ತೆ ಏರುತ್ತದೆ. ಲೆಕ್ಕದ ಕೊನೆಗೆ ಬಂದಾಗ ಅವಳಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು.

ಅಂದು ಸಂಜೆ ಅಡುಗೆಮನೆಯಲ್ಲಿ ಅಪ್ಪನೂ ಹರಿದಾಸನೂ ವಾದಿಸುತ್ತಿದ್ದರು. ಒಲೆಗಳನ್ನು ಹಿಂಗೋಡೆಯಿಂದ ಕೀಳಿಸಿ ಊಟದ ಹಾಲಿನ ಒಂದು ಬದಿಗೆ ತರಬೇಕು, ಅಲ್ಲಿವರೆಗೆ ಬರೀ ಕಾಫಿ ಇಡ್ಲಿ ಸಾಕು ಎಂದು ಹರಿದಾಸನ ಹಟ.

“ನನಗೆ ಅಲ್ಲಿ ನಿಂತ್ರೆ ಕಾಲಡಿ ಎಂತದೋ ಆಗ್ತದೆ ಉಪಾಧ್ರೇ. ಹೇಳ್ಲಿಕ್ಕೆ ಬರುದಿಲ್ಲ. ಸರಿ ಇಲ್ಲ ಅಷ್ಟೆ.”

ಉಪಾಧ್ಯರು ಮಗಳ ಕಡೆ ತಿರುಗಿದರು. “ನೀನು ಹೇಳು. ನಿನ್ನ ಪರೀಕ್ಷೆ ಆಯ್ತಲ್ಲ?”

“ಆಯ್ತು. ಹರಿದಾಸಣ್ಣ, ಹೆದರ್ಬೇಡ. ಜೇಡಿಮಣ್ಣು ಬಹಳ ನಿಧಾನ. ಒಮ್ಮೆಲೇ ಏನೂ ಆಗುದಿಲ್ಲ. ಬಿರುಕು ಇನ್ನೂ ಬರ್ತದೆ, ಬಂದ್ರೆ ನಮಗೆ ಕಾಣ್ತದೆ. ದೀಪಾವಳಿ ಕಳೆದ ಮೇಲೆ ಒಲೆ ತೆಗೆದ್ರೆ ಸಾಕು.”

“ಖಂಡಿತವಾ ಮಗಾ?”

“ಲೆಕ್ಕ ಮಾಡಿಯೇ ಹೇಳ್ತಿದ್ದೇನೆ.”

ಹರಿದಾಸನ ಮುಖ ಸಡಿಲವಾಯಿತು. “ಹಾಗಾದ್ರೆ ಸರಿ” ಎಂದು ಹೆಗಲ ಬಟ್ಟೆಯಿಂದ ಕೈ ಒರೆಸಿಕೊಂಡು, ನೆನೆಸಿದ ಉದ್ದು ಎತ್ತಿ ಗ್ರೈಂಡರಿಗೆ ಹಾಕಲು ಹೋದ. ಮಾಧವಿ ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳುಗಾಜಿನ ಪಟ್ಟಿಯನ್ನು ಸುಣ್ಣದ ಗಾರೆಯಿಂದ ಅಂಟಿಸಿದಳು. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ದಿನವೂ ಕಾಲೇಜಿಗೆ ಹೊರಡುವ ಮುನ್ನ ಅದನ್ನು ನೋಡುತ್ತಿದ್ದಳು. ಗಾಜು ಹಾಗೆಯೇ ಇತ್ತು. ಹರಿದಾಸ ಅದರ ಮೇಲಿನ ಎಣ್ಣೆಜಿಡ್ಡನ್ನು ತಾನೇ ಒರೆಸಿ ಇಡುತ್ತಿದ್ದ.

ಆ ವರ್ಷದ ಮಳೆಯನ್ನು ಚೆನ್ನೈಯವರು ಮರೆಯಲಾರರು. ತಮಿಳರ ಐಪ್ಪಸಿ ತಿಂಗಳಲ್ಲಿ, ದೀಪಾವಳಿಗೆ ಮೊದಲೇ, ಶುರುವಾದದ್ದು ಬಿಡಲೇ ಇಲ್ಲ. ಟ್ರೈನುಗಳು ನಿಂತವು, ಕಾಲೇಜಿಗೆ ರಜೆ ಕೊಟ್ಟರು. ಹಿಂದಿನ ಹಳ್ಳ ತುಂಬಿತು. ಅದನ್ನು ಬರಿದುಮಾಡಲು ಇನ್ನಷ್ಟು ದೊಡ್ಡ ಪಂಪುಗಳು ಬಂದವು. ದೀಪಾವಳಿ ಮಳೆಯಲ್ಲೇ ಬಂದು ಮಳೆಯಲ್ಲೇ ಹೋಯಿತು. ಒಲೆ ಕೀಳುವ ಕೆಲಸದವರು ಈ ನೀರಿನಲ್ಲಿ ಬರಲೊಲ್ಲೆವು ಎಂದರು. ಮಳೆ ನಿಲ್ಲಲಿ ಎಂದು ಎಲ್ಲರೂ ಸುಮ್ಮನಾದರು, ಮಾಧವಿಯೂ.

ಹಾಗಿರುವಾಗ ಒಂದು ಸಂಜೆ ಸಂದೇಶ್ ತೋಯ್ದು ತೊಪ್ಪೆಯಾಗಿ ಹೋಟೆಲಿನೊಳಕ್ಕೆ ಬಂದ. ಕೂರು ಎಂದರೆ ಕೂರಲಿಲ್ಲ. ಮುಷ್ಟಿಯನ್ನು ಬಿಚ್ಚಿ ಅವಳೆದುರಿನ ಮೇಜಿನ ಮೇಲೆ ಸುರಿದ. ನುಣ್ಣನೆಯ ಬಿಳಿ ಮರಳು.

“ಪಂಪಿನ ನೀರಿನಲ್ಲಿ ಬರ್ತಿದೆ ಮೇಡಂ. ನಿನ್ನೆಯಿಂದ. ಜೇಡಿ ಪದರ ಮುಗಿಯಿತು, ಕೆಳಗೆ ಬರೀ ಮರಳು. ನಾನು ಪಂಪು ನಿಲ್ಲಿಸಿದೆ. ನನ್ನನ್ನು ಹೊರಗೆ ಹಾಕಿದರು. ಈಗ ಮತ್ತೆ ಓಡಿಸ್ತಿದ್ದಾರೆ.”

ಮಾಧವಿ ಆ ಮರಳನ್ನು ಮುಟ್ಟಲಿಲ್ಲ. ಬಾವಿಯ ತಳ ಅವಳ ಕಣ್ಣ ಮುಂದೆ ಬಂತು. ಅಲ್ಲಿದ್ದದ್ದೂ ಮರಳೇ. ಅವಳು ಅದನ್ನು ನೋಡಿದ್ದಳು. ಒಂದು ಹೆಂಟೆ ಜೇಡಿಮಣ್ಣನ್ನು ಮಡಿಲಲ್ಲಿಟ್ಟುಕೊಂಡು ಹೋಗಿ, ಅದರ ಸ್ವಭಾವವನ್ನು ಕೂದಲೆಳೆಯಷ್ಟು ಸರಿಯಾಗಿ ಅಳೆದು, ಅದರ ಕೆಳಗೆ ಏನಿದೆಯೆಂದು ಯೋಚಿಸದೆ ಬಿಟ್ಟಿದ್ದಳು. ಜೇಡಿಮಣ್ಣು ಕುಗ್ಗಲು ವರ್ಷ ಬೇಕು. ಮರಳು ನೀರಿನ ಜೊತೆ ಎದ್ದು ಹೊರಟುಹೋಗಲು ವರ್ಷ ಬೇಡ. ಚರಂಡಿಯ ನೀರು ಎರಡು ದಿನದಿಂದ ಕದಡಿ ಹರಿಯುತ್ತಿತ್ತು. ಮಳೆಯ ನೀರೆಂದುಕೊಂಡು ಅವಳು ಅದನ್ನು ದಾಟಿಕೊಂಡು ಓಡಾಡಿದ್ದಳು.

ಅವಳು ಅಡುಗೆಮನೆಗೆ ಓಡಿದಳು. ಗಾಜಿನ ಪಟ್ಟಿ ಒಡೆದಿರಲಿಲ್ಲ. ದಾರಕ್ಕೊಂದು ಸೌಟು ಕಟ್ಟಿ ಗೋಡೆಯ ಪಕ್ಕಕ್ಕೆ ತೂಗುಬಿಟ್ಟಳು. ಗೋಡೆ ಒಂದೇ ತುಂಡಾಗಿ, ನೆಲದ ಜೊತೆಗೇ ಹಿಂದಕ್ಕೆ ವಾಲುತ್ತಿತ್ತೆಂದು ಆ ದಾರ ಹೇಳಿತು.

“ಅಪ್ಪಯ್ಯ, ಈಗಲೇ ಒಲೆ ಆರಿಸಿ. ಎಲ್ಲರೂ ಹೊರಗೆ ಬನ್ನಿ.”

ಉಪಾಧ್ಯರಿಗೆ ಸಿಟ್ಟು ಬಂತು. ಹೊರಗೆ ರೈಲು ತಪ್ಪಿ, ಮಳೆಗೆ ಸಿಕ್ಕಿ, ಹೋಗಲು ಜಾಗವಿಲ್ಲದ ಜನ ಹಾಲಿನ ತುಂಬ ಕೂತಿದ್ದರು. ಮಕ್ಕಳು, ಮುದುಕರು.

“ಆವತ್ತು ವರ್ಷಗಟ್ಟಲೆ ಅಂದೆ. ಇವತ್ತು ಈಗಲೇ ಅಂತಿ. ಯಾವುದನ್ನ ನಂಬುದು ನಾನು?”

“ಆವತ್ತು ನಾನು ತಪ್ಪು ಹೇಳಿದೆ ಅಪ್ಪಯ್ಯ.”

“ಲೆಕ್ಕ ಮಾಡಿ ಹೇಳಿದ್ದಲ್ವಾ?”

ನಡುವೆ ಬಂದವನು ಹರಿದಾಸ. “ಹೋಗಲಿ ಬಿಡಿ, ಮಗು ಹೇಳ್ತಾ ಉಂಟಲ್ಲ. ಇವರಿಗೆ ಇದೊಂದು ಘಾಣ ಬೋಂಡ ಕರಿದು ಕೊಟ್ಟು ಆರಿಸ್ತೇನೆ. ಹಿಟ್ಟು ಕಲಸಿ ಆಗಿದೆ. ನೀನು ಪಾತ್ರೆ ಹೊರಗೆ ಹಾಕ್ಸು ಮಗಾ.”

ಅವಳು ಅವನ ಕೈ ಹಿಡಿದು ಎಳೆಯಬೇಕಿತ್ತು. ಎಳೆಯಲಿಲ್ಲ. ಸಂದೇಶ್ ಒಂದು ಕಡೆ, ತಾನೊಂದು ಕಡೆ ಹಿಡಿದು ಅನ್ನದ ಹಂಡೆಯನ್ನು ಊಟದ ಹಾಲಿಗೆ ಸಾಗಿಸುತ್ತಿದ್ದಳು. ಬಾಗಿಲು ದಾಟಿದ್ದರಷ್ಟೆ. ಹಿಂದಿನಿಂದ ದೊಡ್ಡ ಸದ್ದೇನೂ ಬರಲಿಲ್ಲ. ಬಾವಿಯ ಕಲ್ಲುಗಳು ಒಂದೊಂದಾಗಿ ಒಳಕ್ಕೆ ಜಾರುವ ಸದ್ದು, ಆಮೇಲೆ ನೆಲ ನಿಟ್ಟುಸಿರು ಬಿಟ್ಟ ಹಾಗೆ. ತಿರುಗಿ ನೋಡಿದಾಗ ಅಡುಗೆಮನೆಯ ನೆಲ ಹಿಂಬದಿಗೆ ಇಳಿದಿತ್ತು. ಒಲೆಯ ಕಟ್ಟೆ ವಾಲಿತ್ತು. ಎಣ್ಣೆಯ ಬಾಣಲೆ ಕಟ್ಟೆಯ ಮೇಲಿರಲಿಲ್ಲ. ಇಳಿಜಾರಿನಲ್ಲಿ ಜಾರಿ ಬಿದ್ದಿದ್ದ ಹರಿದಾಸನ ಮೇಲೆ ಇತ್ತು.

ಅವನು ಕೂಗಿದ್ದು ಒಂದೇ ಸಲ.

ಗ್ಯಾಸು ಬಂದ್ ಮಾಡಿದವನೂ, ಆ ಓರೆ ನೆಲದ ಮೇಲೆ ಹೊಟ್ಟೆಯಲ್ಲಿ ತೆವಳಿ ಹೋಗಿ ಅವನನ್ನು ಎಳೆದುಕೊಂಡು ಬಂದವನೂ ಸಂದೇಶ್. ಅವನ ಅಂಗೈಗಳೂ ಸುಟ್ಟವು. ಗಲ್ಲಿಯಲ್ಲಿ ಮೊಣಕಾಲಿನ ತನಕ ನೀರು. ಆಟೋ ಬರಲಿಲ್ಲ. ಹಾಲಿನಲ್ಲಿ ಕೂತಿದ್ದ ಗಂಡಸರೇ ಊಟದ ಮೇಜೊಂದನ್ನು ಮಗುಚಿ, ಅದರ ಮೇಲೆ ಮಲಗಿಸಿ, ಮಳೆಯಲ್ಲಿ ಆಸ್ಪತ್ರೆಗೆ ಹೊತ್ತರು. ಮಾಧವಿ ಪಕ್ಕದಲ್ಲಿ ಕೊಡೆ ಹಿಡಿದು ನಡೆದಳು. ಅವನ ಮುಖಕ್ಕೆ ಏನೂ ಆಗಿರಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದ.

ಹರಿದಾಸ ವಾರ ತುಂಬುವ ಮೊದಲೇ ತೀರಿಕೊಂಡ. ಪ್ರಜ್ಞೆ ಇದ್ದಾಗ ಒಮ್ಮೆ, ಹಾಲಿನಲ್ಲಿದ್ದ ಮಕ್ಕಳಿಗೆ ಏನೂ ಆಗಲಿಲ್ಲವಲ್ಲ ಎಂದು ಕೇಳಿದ. ಒಲೆಯ ವಿಚಾರ, ಲೆಕ್ಕದ ವಿಚಾರ ಅವನು ಎತ್ತಲಿಲ್ಲ. ಅವಳೇ ಎತ್ತಹೋದಾಗ ಕಣ್ಣು ಮುಚ್ಚಿಕೊಂಡ. ನೋವಿಗೋ, ಕೇಳಲು ಮನಸ್ಸಿಲ್ಲದೆಯೋ, ಅವಳಿಗೆ ಎಂದೂ ತಿಳಿಯಲಿಲ್ಲ.

ಆಮೇಲೆ ಅಧಿಕಾರಿಗಳು ಬಂದರು. ಕಟ್ಟಡದ ಕಡೆಯವರ ಎಂಜಿನಿಯರುಗಳೂ ಬಂದರು. ಹಳೆಯ ಕಟ್ಟಡ, ಸುಣ್ಣದ ಗಾರೆ, ಅಡುಗೆಮನೆಗೆ ತಾಗಿದ ಪಾಳುಬಾವಿ, ಕಂಡರಿಯದ ಮಳೆ ಎಂದು ಅವರು ಹೇಳಿದರು. ಒಂದೊಂದೂ ನಿಜವೇ. ಮಾಧವಿ ಪಂಪು, ಮರಳು ಎಲ್ಲವನ್ನೂ ಬಿಡಿಸಿ ಹೇಳಿದಳು. ತಾನು ಮಾಡಿದ ಪರೀಕ್ಷೆಯನ್ನೂ ಮುಚ್ಚಿಡದೆ ಹೇಳಿದಳು. ಅವರ ಪೈಕಿ ಹಿರಿಯರೊಬ್ಬರು ಬಹಳ ಮರ್ಯಾದೆಯಿಂದ, “ಹಾಗಾದರೆ ಅಪಾಯವಿಲ್ಲ ಎಂದು ನೀವೇ ಹೇಳಿದ್ದಿರಿ, ಅಲ್ಲವೇ ಮೇಡಂ?” ಎಂದು ಕೇಳಿದರು.

“ಹೌದು” ಎಂದಳು. ಅಲ್ಲಿಗೆ ಅದು ಮುಗಿಯಿತು. ಉಳಿದ ಭಾಗವೂ ಅಪಾಯದ್ದೆಂದು ಹೋಟೆಲನ್ನು ಖಾಲಿ ಮಾಡಿಸಿದರು. ಅದನ್ನು ಬಾಡಿಗೆಗೆ ಕೊಟ್ಟಿದ್ದ ಮಾಲೀಕರು ಜಾಗವನ್ನು ಹಿಂದೆ ಕಟ್ಟುತ್ತಿದ್ದವರಿಗೇ ಮಾರಿದರು.

ಜಯಲಕ್ಷ್ಮಿ ಊರಿಗೆ, ತಮ್ಮನ ಮನೆಗೆ ಹೊರಟಳು. ಮಂಗಳೂರಿನ ರೈಲು ಹತ್ತಿಸಲು ಮಾಧವಿ ಹೋದಳು. ಟ್ರಂಕನ್ನು ಸೀಟಿನ ಕೆಳಗೆ ನೂಕಿ, ಎದುರಿಗೆ ಕೂತು, ಬಹಳ ದಿನದಿಂದ ಹೇಳಬೇಕೆಂದಿದ್ದುದನ್ನು ಹೇಳಿದಳು.

“ಜಯಲಕ್ಷ್ಮಕ್ಕ, ಅವರು ಒಲೆ ತೆಗೀಬೇಕು ಅಂತ ಹೇಳಿದ್ರು. ಬೇಡ ಅಂದವಳು ನಾನು.”

“ಗೊತ್ತುಂಟು” ಎಂದಳು ಜಯಲಕ್ಷ್ಮಿ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. “ಆವತ್ತು ಮನೆಗೆ ಬಂದು ಹೇಳಿದ್ರು. ಮಾಧವಿ ಲೆಕ್ಕ ಮಾಡಿದ್ದಾಳೆ ಮಾರಾಯ್ತಿ, ಇನ್ನು ಹೆದರಿಕೆ ಇಲ್ಲ ಅಂತ. ಎಷ್ಟೋ ದಿನದ ಮೇಲೆ ಆವತ್ತು ಸಮಾ ನಿದ್ದೆ ಮಾಡಿದ್ರು.”

ಅದರಲ್ಲಿ ಆಪಾದನೆಯಿರಲಿಲ್ಲ. ಇದ್ದಿದ್ದರೆ ಮಾಧವಿ ಅದನ್ನು ಹೇಗಾದರೂ ಹೊರುತ್ತಿದ್ದಳು. ರೈಲು ಹೊರಟಿತು. ಜಯಲಕ್ಷ್ಮಿ ಕಿಟಕಿಯಿಂದ ಕೈ ಬೀಸಲಿಲ್ಲ, ಮುಖ ತಿರುಗಿಸಿಕೊಳ್ಳಲೂ ಇಲ್ಲ.

ಸಂದೇಶ್ ಆ ಕೆಲಸದ ದಾರಿಯನ್ನೇ ಬಿಟ್ಟ. ಕೈ ವಾಸಿಯಾದ ಮೇಲೆ ಯಾವುದೋ ಬ್ಯಾಂಕಿನ ಫೋನು ಎತ್ತುವ ಕೆಲಸಕ್ಕೆ ಸೇರಿದನೆಂದು ಅವನ ತಂದೆ ತಾಂಬರಂ ಪ್ಲಾಟ್‌ಫಾರಮ್ಮಿನಲ್ಲಿ ಸಿಕ್ಕಾಗ ಹೇಳಿದರು. ಮಾಧವಿ ವಿಭಾಗದ ಮುಖ್ಯಸ್ಥರ ಬಳಿ ಹೋಗಿ, ತನಗೆ ಬೇರೆ ಯಾವ ವಿಷಯವನ್ನಾದರೂ ಕೊಡಿ ಎಂದು ಕೇಳಿಕೊಂಡಳು. ಮಣ್ಣಿನ ಶಾಸ್ತ್ರಕ್ಕೆ ಬೇರೆ ಯಾರಿದ್ದಾರೆ, ನಿಮ್ಮ ಹಾಗೆ ಕಲಿಸುವವರು ಯಾರಿದ್ದಾರೆ ಎಂದು ಅವರು ಅವಳನ್ನೇ ಸಮಾಧಾನಪಡಿಸಿ ಕಳಿಸಿದರು. ಅವಳು ಕಲಿಸುತ್ತಿದ್ದಾಳೆ. ಪುಸ್ತಕದಲ್ಲಿದ್ದಷ್ಟನ್ನು ಹಲಗೆಯ ಮೇಲೆ ಬರೆಯುತ್ತಾಳೆ. ಮಕ್ಕಳು ಬರೆದುಕೊಳ್ಳುತ್ತಾರೆ. ಯಾರಾದರೂ ಅನುಮಾನ ಕೇಳಿದರೆ ಪುಟ ಹೇಳುತ್ತಾಳೆ.

ಅಪ್ಪ ಮಗಳು ಈಗ ತಾಂಬರಂನಲ್ಲಿ ಬಾಡಿಗೆಗೆ ಇದ್ದಾರೆ. ಉಪಾಧ್ಯರು ಅವಳ ಮೇಲೆ ಒಂದು ದಿನವೂ ರೇಗಲಿಲ್ಲ. ಬೆಳಗಿನ ಹೊತ್ತು ಎದ್ದು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಹೋಗಲು ಎಲ್ಲಿಯೂ ಇಲ್ಲದೆ ಕುರ್ಚಿಯಲ್ಲಿ ಕೂರುತ್ತಾರೆ. ಅವಳು ಇಟ್ಟದ್ದನ್ನು ಉಣ್ಣುತ್ತಾರೆ. ಉಪ್ಪು ಹೆಚ್ಚಾಗಿದೆ, ಕಡಿಮೆಯಾಗಿದೆ ಎಂದು ಹೇಳುವುದಿಲ್ಲ. ಒಮ್ಮೆ ಮಾತ್ರ, ಟಿ.ವಿ.ಯಲ್ಲಿ ಇನ್ನೇನೋ ಓಡುತ್ತಿರುವಾಗ, ಅವಳ ಕಡೆ ತಿರುಗದೆಯೇ, “ಅವನಿಗೆ ಕಾಲಡಿ ಗೊತ್ತಾಗಿತ್ತು, ಅಲ್ವಾ?” ಎಂದರು.

ಅವಳು ಕೇಳಿಸದವಳಂತೆ ಎದ್ದು ಒಳಗೆ ಹೋದಳು. ಹಿಂತಿರುಗಿ ಬಂದಾಗ ಅವರು ಕೂತಲ್ಲೇ ನಿದ್ದೆ ಹೋಗಿದ್ದರು. ಇಲ್ಲವೇ ಹಾಗೆ ಕಾಣಿಸಿಕೊಂಡಿದ್ದರು. ಟಿ.ವಿ. ಆರಿಸಿ, ಅವಳು ಅಲ್ಲೇ ನೆಲದ ಮೇಲೆ ಕುಳಿತಳು.